ದ್ವೀಪಕ್ಕೆ ಹೋದದ್ದು ತಪ್ಪೆ?

ಕಳೆದ ವೈಶಾಖದಲ್ಲಿ ಕುಣಿಗಲ್ಲಿನ ಒಂದು ಮದುವೆಗೆ ಹೋಗಿದ್ದೆ. ಊಟದ ಎರಡನೆಯ ಪಂಕ್ತಿಗಾಗಿ ಕಾಯುತ್ತ ಚಪ್ಪರದ ಕೆಳಗೆ ಕುಳಿತಿದ್ದ ಹಿರಿಯರ ನಡುವೆ ಒಂದು ಮೊಬೈಲು ಕೈಯಿಂದ ಕೈಗೆ ಸಾಗುತ್ತಿತ್ತು. ಅದರಲ್ಲಿದ್ದುದು ಒಂದು ಭಾವಚಿತ್ರ. ನೀಲಿ ಸಮುದ್ರ, ಬಿಳಿಯ ಮರಳು, ಬಾಡಿಗೆಯ ಸೈಕಲ್ಲು. ಅದರ ಪಕ್ಕದಲ್ಲಿ ಮಂಡಿಯೂರಿ ಕುಳಿತ ಒಬ್ಬ ತರುಣ. ಅವನ ಮೊಣಕಾಲಿನ ಬಳಿ, ನಗುತ್ತಿರುವಂತೆ ಮುಖವುಳ್ಳ, ಬೆಕ್ಕಿನ ಗಾತ್ರದ ಒಂದು ಪ್ರಾಣಿ. ತರುಣ ನನ್ನ ಹಳೆಯ ವಿದ್ಯಾರ್ಥಿ, ಬಿ.ಎಸ್‌ಸಿ. ತರಗತಿಯಲ್ಲಿ ಕೂತು ನನ್ನ ಕನ್ನಡ ಪಾಠ ಕೇಳಿದವನು. ಗುಬ್ಬಿ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರ ಮಗ. ಆಸ್ಟ್ರೇಲಿಯದ ಪರ್ತ್ ನಗರಕ್ಕೆ ಪರಿಸರ ವಿಜ್ಞಾನದ ಉನ್ನತ ವ್ಯಾಸಂಗಕ್ಕೆಂದು ಹೋಗಿ ಆಗ್ಗೆ ಏಳು ತಿಂಗಳಾಗಿತ್ತು. ಪ್ರಾಣಿಯ ಹೆಸರು ಕ್ವೊಕ್ಕಾ, ಕಾಂಗರೂವಿನ ದಾಯಾದಿ. ಸ್ಥಳ, ಫ್ರೀಮ್ಯಾಂಟಲ್ ರೇವಿನಿಂದ ಸುಮಾರು 20 ಕಿಲೋಮೀಟರು ಆಚೆ ಕಡಲಲ್ಲಿರುವ ರಾಟ್‌ನೆಸ್ಟ್ ದ್ವೀಪ. ಚಿತ್ರ ತೆಗೆದ ದಿನ ಶನಿವಾರ.

ಇಷ್ಟು ಸಾಕಾಯಿತು. "ತ್ವಾಟ ಅಡ ಇಟ್ಟು ಕಳಿಸಿದ್ದು ಇದಕ್ಕೇನಾ?" ಎಂದರು ಒಬ್ಬರು. "ಓದಕ್ಕೆ ಹೋಗವ್ನೋ, ಜಾತ್ರೆಗೆ ಹೋಗವ್ನೋ?" ಎಂದರು ಇನ್ನೊಬ್ಬರು. ಮೂರನೆಯವರು ಏನೂ ಅನ್ನದೆ ನಕ್ಕು ಮೊಬೈಲನ್ನು ಪಕ್ಕದವರಿಗೆ ದಾಟಿಸಿದರು. ಮೂವರ ಪೈಕಿ ಅವರದೇ ಹೆಚ್ಚು ಚುಚ್ಚಿದ್ದು. ಹುಡುಗನ ತಂದೆ ಅಲ್ಲೇ ಕುಳಿತಿದ್ದರು. ಅವರ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ. ಊಟವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ನೀವೇ ಒಂದ್ ಮಾತು ಬರೀರಿ ಮೇಷ್ಟ್ರೇ. ನಮ್ಮಾತು ಕೇಳೋ ಕಾಲ ಹೋಯ್ತು. ನಿಮ್ಮಾತಾದ್ರೆ ಕೇಳ್ತಾನೆ" ಎಂದರು.

ನಾನು ಬರೆದೆ. ಬರೆದದ್ದು ಬುದ್ಧಿವಾದ. ತಂದೆಯ ಬೆವರು, ತಾಯಿಯ ಒಡವೆ, ಕಾಶಿಗೆ ಹೋದವನು ಗಂಗೆಯನ್ನು ಬಿಟ್ಟು ಪೇಟೆ ಬೀದಿ ಸುತ್ತಿದ ಕಥೆ, ಎಲ್ಲವನ್ನೂ ಸೇರಿಸಿ ಒಂದು ಪುಟ ತುಂಬಿಸಿ ಕಳುಹಿಸಿದೆ. ಆ ಮಾತುಗಳನ್ನು ಬರೆಯುವಾಗ ನನಗೆ ಒಂದು ಬಗೆಯ ಸಂತೋಷವೂ ಆಯಿತೆಂಬುದನ್ನು ಈಗ ಒಪ್ಪಿಕೊಳ್ಳಬೇಕು. ಬುದ್ಧಿ ಹೇಳುವುದು ಉಪಾಧ್ಯಾಯನಿಗೆ ಖರ್ಚಿಲ್ಲದ ಸುಖ. ಹುಡುಗ ಉತ್ತರ ಕೊಡಲಿಲ್ಲ. ಅಷ್ಟೇ ಅಲ್ಲ, ವಾರಕ್ಕೆ ಎರಡು ಬಾರಿ ಮನೆಗೆ ಫೋನು ಮಾಡುತ್ತಿದ್ದವನು ಎರಡು ತಿಂಗಳು ಮಾಡಲಿಲ್ಲ. ತಾಯಿ ಯಡಿಯೂರಿಗೆ ಹರಕೆ ಹೊತ್ತರು.

ಈ ಲೇಖನ ಆ ಪತ್ರವನ್ನು ಬಹಿರಂಗವಾಗಿ ಹಿಂದಕ್ಕೆ ತೆಗೆದುಕೊಳ್ಳುವುದಕ್ಕಾಗಿ ಬರೆದದ್ದು. ನನ್ನ ಪತ್ರ ತಪ್ಪು. ಮದುವೆಮನೆಯ ತೀರ್ಪು ತಪ್ಪು. ಮತ್ತು ಈ ತೀರ್ಪನ್ನು ತುಮಕೂರಿನ, ಗುಬ್ಬಿಯ, ಕುಣಿಗಲ್ಲಿನ ಸಾವಿರ ಜಗುಲಿಗಳ ಮೇಲೆ ದಿನವೂ ಕೊಡುತ್ತಿರುವ ನಾವೆಲ್ಲರೂ ಪ್ರಶ್ನೆಯನ್ನೇ ತಪ್ಪಾಗಿ ಕೇಳುತ್ತಿದ್ದೇವೆ. ಪರದೇಶಕ್ಕೆ ಓದಲು ಹೋದ ಮಗ ರಜೆಯ ದಿನ ದ್ವೀಪಕ್ಕೆ ಏಕೆ ಹೋದ ಎಂದು ಕೇಳುತ್ತೇವೆ. ಅಲ್ಲಿ ಏನು ಕಂಡೆ ಎಂದು ಕೇಳುವುದಿಲ್ಲ.

ಮೊದಲು ಹಣದ ಮಾತನ್ನು ಮುಗಿಸೋಣ, ಏಕೆಂದರೆ ಆಕ್ಷೇಪದ ಬೇರು ಇರುವುದು ಅಲ್ಲೇ. ವಿದ್ಯಾಭ್ಯಾಸದ ಸಾಲ 7.5 ಲಕ್ಷ ರೂಪಾಯಿ ಮೀರಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಪರದೇಶದ ಓದು ಆ ಮೊತ್ತದೊಳಗೆ ಮುಗಿಯುವುದಿಲ್ಲ. ಆದ್ದರಿಂದ ತೋಟದ ಪಹಣಿ ಬ್ಯಾಂಕಿನ ಕಪಾಟು ಸೇರುತ್ತದೆ. ಅಡಿಕೆಯ ಧಾರಣೆ ಏರಿದಾಗಲೂ ಇಳಿದಾಗಲೂ ತಂದೆಯ ಎದೆ ಹೊಡೆದುಕೊಳ್ಳುತ್ತದೆ. ಇಂಥ ತಂದೆಗೆ ಕೋಪ ಬಂದರೆ ಅದನ್ನು ಅರಿಯದವನು ಮನುಷ್ಯನಲ್ಲ. ಆದರೆ ಆ ಕೋಪಕ್ಕೆ ಗೊತ್ತಿಲ್ಲದ ಒಂದು ಲೆಕ್ಕವಿದೆ. ಆಸ್ಟ್ರೇಲಿಯದಲ್ಲಿ ಪಾಠ ನಡೆಯುವ ದಿನಗಳಲ್ಲಿ ಪರದೇಶದ ವಿದ್ಯಾರ್ಥಿ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. 2023ರ ಜುಲೈಯಿಂದ ಜಾರಿಯಲ್ಲಿರುವ ನಿಯಮ ಅದು. ವಾರದ ದಿನಗಳಲ್ಲಿ ತರಗತಿ, ಪ್ರಯೋಗಶಾಲೆ. ಹಾಗಾದರೆ ದುಡಿಮೆ ಎಂದು? ಶನಿವಾರ, ಭಾನುವಾರ, ಇಲ್ಲವೆ ರಾತ್ರಿ. ನಾವು 'ವಾರಾಂತ್ಯ' ಎಂದರೆ ವಿರಾಮವೆಂದು ತಿಳಿದಿದ್ದೇವೆ. ನಮ್ಮ ಹುಡುಗರಿಗೆ ವಾರಾಂತ್ಯವೆಂದರೆ ಅಂಗಡಿಯ ಉಗ್ರಾಣದಲ್ಲಿ ಪೆಟ್ಟಿಗೆ ಹೊರುವುದು, ಹೋಟೆಲಿನ ಹಿಂಬದಿಯಲ್ಲಿ ತಟ್ಟೆ ತೊಳೆಯುವುದು. ಒಂದು ಶನಿವಾರ ದ್ವೀಪಕ್ಕೆ ಹೋದವನು ದೋಣಿಯ ಟಿಕೆಟ್ಟಿನ ಹಣವನ್ನು ಮಾತ್ರವಲ್ಲ, ಒಂದು ದಿನದ ಕೂಲಿಯನ್ನೂ ತೆತ್ತು ಹೋಗಿರುತ್ತಾನೆ. ಅಷ್ಟು ಕೊಟ್ಟು ಹೋದವನನ್ನು ಸೋಮಾರಿ ಎನ್ನುವುದು ಹೇಗೆ?

ಕುಣಿಗಲ್ಲಿನವರಿಗೆ ಕುದುರೆಯ ದೃಷ್ಟಾಂತವೇ ಸಾಕು. ಅಲ್ಲಿನ ಕುದುರೆ ಫಾರಂ ಟೀಪೂವಿನ ಕಾಲದ್ದೆಂದು ಹೆಸರಾದದ್ದು. ಅಲ್ಲಿ ಹುಟ್ಟಿದ ಕುದುರೆಗಳು ದೊಡ್ಡ ದೊಡ್ಡ ಪಂದ್ಯಗಳಲ್ಲಿ ಓಡಿವೆ. ಓಟಕ್ಕೆಂದು ಬೆಳೆಸುವ ಮರಿಯನ್ನು ಹಗಲಿರುಳೂ ಲಾಯದ ಗೂಟಕ್ಕೆ ಕಟ್ಟಿ ಮೇವು ಹಾಕಿದರೆಂದು ಅಲ್ಲಿ ಯಾರಾದರೂ ಕೇಳಿದ್ದುಂಟೆ? ಎಕರೆಗಟ್ಟಲೆ ಹುಲ್ಲುಗಾವಲು ಏತಕ್ಕೆ ಬಿಟ್ಟರು? ಕುದುರೆಗೆ ಸಲ್ಲುವ ನ್ಯಾಯ ಮಗನಿಗೆ ಸಲ್ಲಬಾರದೆ?

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಡೆದು ಹೋಗುವಾಗ ತಲೆ ಎತ್ತಿ ನೋಡಿ. ಪರದೇಶದ ಕಾಲೇಜುಗಳಿಗೆ ಸೇರಿಸುತ್ತೇವೆನ್ನುವ ಮಧ್ಯವರ್ತಿಗಳ ಫಲಕಗಳಲ್ಲಿ ಏನಿದೆ? ಪುಸ್ತಕಾಲಯವೆ? ಪ್ರಯೋಗಶಾಲೆಯೆ? ನೀಲಿ ಕಡಲು, ಹಾಯಿದೋಣಿ, ಹುಲ್ಲಿನ ಮೇಲೆ ನಗುತ್ತ ಕುಳಿತ ತರುಣ ತರುಣಿಯರು. ಆ ಫಲಕವನ್ನು ನೋಡಿಯೇ ನಾವು ಮೆಟ್ಟಿಲು ಹತ್ತಿದೆವು. ಹುಡುಗ ಆ ನೀಲಿ ಕಡಲು ನಿಜವೇ ಎಂದು ಒಂದು ದಿನ ಹೋಗಿ ನೋಡಿ ಬಂದರೆ ನಮಗೆ ಮೋಸವಾದಂತೆ ಕಾಣುತ್ತದೆ. ಮಾರಿದವನು ಬಣ್ಣದ ಚಿತ್ರ ತೋರಿಸಿ ಹಣ ಎಣಿಸಿಕೊಂಡ. ಅವನನ್ನು ಯಾರೂ ಕೇಳಲಿಲ್ಲ.

ಭಯದ ಮಾತೂ ಇದೆ; ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಮಕ್ಕಳು ಕೆರೆ ಬಾವಿಗಳಲ್ಲಿ ಈಜು ಕಲಿತವರು, ಎಷ್ಟೋ ಮಂದಿ ಅದನ್ನೂ ಕಲಿಯದವರು. ಕೆರೆ ನಿಂತ ನೀರು. ಕಡಲು ಸೆಳೆಯುವ ನೀರು. ಆಸ್ಟ್ರೇಲಿಯದ ಕಾವಲಿರುವ ತೀರಗಳಲ್ಲಿ ಕೆಂಪು ಹಳದಿ ಬಾವುಟಗಳನ್ನು ನೆಟ್ಟು, ಅವುಗಳ ನಡುವೆ ಮಾತ್ರ ನೀರಿಗಿಳಿಯಿರಿ ಎನ್ನುತ್ತಾರೆ. ತಾಯಂದಿರು ಹೇಳಬೇಕಾದ ಬುದ್ಧಿ ಇದು. 'ಹೋಗಬೇಡ' ಎಂದರೆ ಮಗ ಹೇಳದೆ ಹೋಗುತ್ತಾನೆ. 'ಬಾವುಟ ನೋಡಿ ಇಳಿ' ಎಂದರೆ ಅಮ್ಮನ ಮಾತು ನೀರಿನಂಚಿನ ತನಕ ಅವನ ಜೊತೆಗಿರುತ್ತದೆ.

ಸಮುದ್ರ ದಾಟಿದ ವಿದ್ಯಾರ್ಥಿಯನ್ನು ಕಂಡರೆ ಹಿರಿಯರಿಗೆ ಆಗದಿರುವುದು ಹೊಸ ಮಾತೇನಲ್ಲ. 1888ರಲ್ಲಿ 19 ತುಂಬದ ಒಬ್ಬ ತರುಣ ವಕೀಲಿ ಕಲಿಯಲು ಇಂಗ್ಲೆಂಡಿಗೆ ಹೊರಟಾಗ ಮುಂಬಯಿಯಲ್ಲಿ ಜಾತಿಯ ಹಿರಿಯರು ಸಭೆ ಸೇರಿ, ಬೇಡವೆಂದರು. ಕೇಳದೆ ಹೋದದ್ದಕ್ಕೆ ಜಾತಿಯಿಂದ ಹೊರಗೆ ಹಾಕಿದರು. ಆ ತರುಣ ಮೋಹನದಾಸ ಗಾಂಧಿ. ಅವರ ಆತ್ಮಕಥೆಯನ್ನು ಓದಿದವರಿಗೆ ವೆಂಟ್‌ನರ್ ಎಂಬ ಊರಿನ ಹೆಸರು ನೆನಪಿರಬಹುದು. ಅದು ಇಂಗ್ಲೆಂಡಿನ ದಕ್ಷಿಣ ತೀರದಾಚೆ ಇರುವ ವೈಟ್ ದ್ವೀಪದ ಊರು. ಹೌದು, ಮಹಾತ್ಮರೂ ವಿದ್ಯಾರ್ಥಿದಶೆಯಲ್ಲಿ ದ್ವೀಪಕ್ಕೆ ಹೋದವರೇ. ಉಳಿದುಕೊಂಡಿದ್ದ ಮನೆಯೊಡತಿಯ ಮಗಳು ಅವರನ್ನು ಗುಡ್ಡ ಹತ್ತಲು ಕರೆದೊಯ್ದಳು. ಆಕೆ ಗಾಳಿಯಂತೆ ಮುಂದೆ ನಡೆದಳು. ಇವರು ಏದುಸಿರು ಬಿಡುತ್ತ ಹಿಂದೆ ಬಿದ್ದರು. ಇಳಿಯುವಾಗಲಂತೂ ಅಲ್ಲಲ್ಲಿ ತೆವಳಬೇಕಾಯಿತು. ಆಕೆ ಕೆಳಗೆ ನಿಂತು ನಗುತ್ತಿದ್ದಳು. ಸುಮಾರು 35 ವರ್ಷಗಳ ತರುವಾಯ ಇದನ್ನು ಗಾಂಧೀಜಿ ಮರೆಮಾಚದೆ ಬರೆದರು. ಊರಿನಲ್ಲಿ ಹೆಂಡತಿ ಮಗು ಇದ್ದರೂ ಇಂಗ್ಲೆಂಡಿನಲ್ಲಿ ಬ್ರಹ್ಮಚಾರಿಯಂತೆ ನಟಿಸುತ್ತಿದ್ದ ತಮ್ಮ ಸುಳ್ಳನ್ನು ಬಯಲು ಮಾಡುವ ಅಧ್ಯಾಯದಲ್ಲೇ ಬರೆದರು. ಅದೇ ಗಾಂಧಿ ಲಂಡನ್ನಿನಲ್ಲಿ ಬಸ್ಸಿನ ಕಾಸು, ಅಂಚೆಯ ಕಾಸು ಒಂದನ್ನೂ ಬಿಡದೆ ಬರೆದಿಟ್ಟು, ಮಲಗುವ ಮುನ್ನ ಲೆಕ್ಕ ಕೂಡಿಸುತ್ತಿದ್ದರು. ವಿಹಾರ ಬೇಡವೆಂದವರಲ್ಲ ಅವರು. ಹೋದರು, ಕಾಸಿನ ಲೆಕ್ಕವನ್ನೂ ಇಟ್ಟರು, ಮನಸ್ಸಿನ ಲೆಕ್ಕವನ್ನೂ ಒಪ್ಪಿಸಿದರು. ನಾವು ನಮ್ಮ ಮಕ್ಕಳಿಂದ ಕೇಳಬೇಕಾದದ್ದು ಈ ಎರಡು ಲೆಕ್ಕಗಳನ್ನು.

ಕನ್ನಡ ಸಾಹಿತ್ಯಕ್ಕೆ ಬರೋಣ. ಅದು ನನ್ನ ಕಸುಬು. 1936ರಲ್ಲಿ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋದರು. ದಾರಿಯ ಕಡಲನ್ನು ಅವರು ಕಿಟಕಿ ಮುಚ್ಚಿಕೊಂಡು ದಾಟಿದ್ದರೆ ನಮಗೆ 'ಸಮುದ್ರಗೀತೆಗಳು' ದೊರೆಯುತ್ತಿರಲಿಲ್ಲ. ಹೊನ್ನಾವರದ ಕೃಷ್ಣಾನಂದ ಕಾಮತರು ಅಮೆರಿಕದಲ್ಲಿ ಕೀಟಶಾಸ್ತ್ರ ಓದಿದರು. ಅವರ ಪ್ರೌಢಪ್ರಬಂಧವನ್ನು ಕನ್ನಡಿಗರಲ್ಲಿ ಎಷ್ಟು ಮಂದಿ ಕಂಡಿದ್ದಾರೋ ಕಾಣೆ, 'ನಾನೂ ಅಮೆರಿಕೆಗೆ ಹೋಗಿದ್ದೆ' ಎಂಬ ಅವರ ಪುಸ್ತಕವನ್ನು ಬಹಳ ಮಂದಿ ಓದಿದ್ದಾರೆ. ಯು.ಆರ್. ಅನಂತಮೂರ್ತಿಯವರು 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಒಂದು ಸಂಜೆ ಗುರುಗಳಾದ ಮಾಲ್ಕಮ್ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನನ 'ಸೆವೆಂತ್ ಸೀಲ್' ಚಲನಚಿತ್ರಕ್ಕೆ ಹೋದರು. ಆ ಸಂಜೆಯೂ ಚಿತ್ರದ ನಂತರದ ಮಾತುಕತೆಯೂ ಅವರನ್ನು 'ಸಂಸ್ಕಾರ'ದ ಬರವಣಿಗೆಗೆ ಹಚ್ಚಿದುವೆಂಬುದನ್ನು ಅವರೇ ಹೇಳಿದ್ದಾರೆ. ತೀರ್ಥಹಳ್ಳಿಯ ಕಡೆಯ ಯಾರಾದರೂ ಹಿರಿಯರು ಅಂದು, "ಸಿನಿಮಾ ನೋಡಲು ಕಳಿಸಿದೆವೇನಯ್ಯಾ?" ಎಂದು ಕಾಗದ ಬರೆದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ.

ಎಲ್ಲರೂ ಗಾಂಧಿಯೂ ಅನಂತಮೂರ್ತಿಯೂ ಆಗುತ್ತಾರೆಯೆ ಎಂದು ಕೇಳಬಹುದು. ಆಗುವುದಿಲ್ಲ. ಆದರೆ ನೋಡುವ ಹಕ್ಕು ಮಹಾಪುರುಷರಿಗೆ ಮಾತ್ರ ಸಲ್ಲುವುದೆಂದು ಈ ಸೀಮೆಯವರು ಹೇಳಬಾರದು. ಕುಣಿಗಲ್ ಕೆರೆಯನ್ನು ಕಣ್ಣಿನಿಂದ ನೋಡುವುದೇ ಒಂದು ಐಭೋಗವೆಂದು ಹಾಡು ಕಟ್ಟಿದವರು ಹೆಸರಿಲ್ಲದ ಹಳ್ಳಿಗರು. ಆ ಹಾಡನ್ನು ಇಂದು ಕನ್ನಡನಾಡೆಲ್ಲ ಹಾಡುತ್ತದೆ. ನೀರನ್ನು ನೋಡಿ ಹಿಗ್ಗುವುದು ತಪ್ಪಾಗಿದ್ದರೆ ಕುಣಿಗಲ್ಲಿಗೆ ಹೆಸರೆಲ್ಲಿ ಬರುತ್ತಿತ್ತು? ಗುಬ್ಬಿಯವರಂತೂ ತಿರುಗಾಟವನ್ನು ಹೀನೈಸುವಂತೆಯೇ ಇಲ್ಲ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ಪರದೆ ಪೆಟ್ಟಿಗೆಗಳನ್ನು ಹೊತ್ತು ಊರೂರು ತಿರುಗಿದ್ದರಿಂದಲೇ ಗುಬ್ಬಿ ಎಂಬ ಹೆಸರು, ಗುಬ್ಬಿ ವೀರಣ್ಣನವರ ಹೆಸರು, ನಾಡಿಗೆ ತಿಳಿದದ್ದು.

ಇಷ್ಟು ಹೇಳಿದ ಮೇಲೆ ಹುಡುಗರ ಕಡೆಗೂ ತಿರುಗಬೇಕು. ಹಿರಿಯರನ್ನು ಬೈದು ಕಿರಿಯರ ಬೆನ್ನು ತಟ್ಟುವುದು ನನ್ನ ಉದ್ದೇಶವಲ್ಲ. ದ್ವೀಪಕ್ಕೆ ಹೋಗಿ ಬರಿಯ ಭಾವಚಿತ್ರ ತರುವವನು ದ್ವೀಪಕ್ಕೆ ಹೋಗಿಯೇ ಇಲ್ಲ. ರಾಟ್‌ನೆಸ್ಟಿನ ಕಥೆಯನ್ನೇ ನೋಡಿ. 1696ರಲ್ಲಿ ಅಲ್ಲಿಗೆ ಬಂದ ಡಚ್ಚರ ನಾವಿಕ ವ್ಲಾಮಿಂಗ್ ಈ ಕ್ವೊಕ್ಕಾಗಳನ್ನು ಹೆಗ್ಗಣಗಳೆಂದು ಭಾವಿಸಿ 'ಇಲಿಗಳ ಗೂಡು' ಎಂದು ಹೆಸರಿಟ್ಟ. ಆ ನಾಡಿನ ಮೂಲನಿವಾಸಿಗಳಾದ ನೂಂಗಾರ್ ಜನ ಅದನ್ನು ಕರೆಯುವುದು ವಾಡ್ಜೆಮಪ್ ಎಂದು. 1838ರಿಂದ 1931ರವರೆಗೆ ಆ ದ್ವೀಪ ಮೂಲನಿವಾಸಿಗಳ ಸೆರೆಮನೆಯಾಗಿತ್ತು. ಪಶ್ಚಿಮ ಆಸ್ಟ್ರೇಲಿಯದ ಮೂಲೆಮೂಲೆಗಳಿಂದ ಗಂಡಸರನ್ನೂ ಹುಡುಗರನ್ನೂ ಸರಪಳಿ ಬಿಗಿದು ತಂದರು. ಕುರಿ ಕದ್ದವನೂ ಅಲ್ಲಿಗೇ. ತನ್ನ ನೆಲ ಬಿಡೆನೆಂದವನೂ ಅಲ್ಲಿಗೇ. ಇಂದು ಪ್ರವಾಸಿಗಳು ಚಂದವೆಂದು ಮೆಚ್ಚುವ ಸುಣ್ಣಕಲ್ಲಿನ ಕಟ್ಟಡಗಳಲ್ಲಿ ಹಲವು ಆ ಕೈದಿಗಳು ಕಟ್ಟಿದವು. 370ಕ್ಕೂ ಹೆಚ್ಚು ಮಂದಿ ಅಲ್ಲೇ ಸತ್ತು, ಗುರುತಿಲ್ಲದ ಗೋರಿಗಳಲ್ಲಿ ಮಲಗಿದ್ದಾರೆ. ಆ ಸಮಾಧಿಭೂಮಿಯ ಮೇಲೆ ಪ್ರವಾಸಿಗಳು ಬಹುಕಾಲ ಡೇರೆ ಹಾಕಿ ಹಾಡಿ ಕುಣಿದರು. ಸೆರೆಮನೆಯ ಕೋಣೆಗಳೇ 2018ರವರೆಗೆ ಬಾಡಿಗೆಯ ವಸತಿಗೃಹವಾಗಿದ್ದುವು. ನಗುಮುಖದ ಕ್ವೊಕ್ಕಾದ ಚಿತ್ರದಲ್ಲಿ ಇದಾವುದೂ ಬರುವುದಿಲ್ಲ.

ನನಗೂ ಇದು ತಿಳಿದಿರಲಿಲ್ಲ. ತಿಳಿಸಿದವನು ಆ ಹುಡುಗನೇ. ಆಷಾಢದ ಕೊನೆಯಲ್ಲಿ ಅವನಿಂದ ನಾಲ್ಕು ಪುಟದ ಪತ್ರ ಬಂತು, ಇಮೇಲಿನಲ್ಲಿ, ಕನ್ನಡದಲ್ಲಿ. ಬುದ್ಧಿವಾದಕ್ಕೆ ಉತ್ತರವಾಗಿ ಒಂದೇ ಸಾಲು: ಏಳು ತಿಂಗಳಲ್ಲಿ ಅದು ಅವನ ಮೊದಲ ಬಿಡುವಿನ ದಿನ, ಹಿಂದಿನ ರಾತ್ರಿ ಹನ್ನೊಂದರವರೆಗೆ ಅಂಗಡಿಯಲ್ಲಿ ನಿಂತಿದ್ದ. ಉಳಿದದ್ದೆಲ್ಲ ದ್ವೀಪದ ವಿಷಯ. ಕ್ವೊಕ್ಕಾದೊಡನೆ ಚಿತ್ರ ತೆಗೆಸಿಕೊಂಡದ್ದು ದೋಣಿ ಇಳಿದ ಅರ್ಧ ಗಂಟೆಯಲ್ಲಿ. ಮನೆಗೆ ಕಳಿಸಿದ್ದು ಆಗಲೇ, ತಾಯಿ ನಗಲೆಂದು. ಸೆರೆಮನೆಯನ್ನೂ ಗೋರಿಗಳ ಬಯಲನ್ನೂ ಕಂಡದ್ದು ಮಧ್ಯಾಹ್ನ. ಅದರ ಚಿತ್ರ ತೆಗೆಯಲು ಮನಸ್ಸು ಬರಲಿಲ್ಲವಂತೆ. ಅಲ್ಲಿನ ಫಲಕವನ್ನು ಓದುತ್ತ ನಿಂತಾಗ ಅವನಿಗೆ ತನ್ನೂರ ಕೆರೆಯ ಏರಿಯ ಮೇಲಿನ ಒಂದು ಕಲ್ಲು ನೆನಪಾಯಿತು. ಮೇಲೆ ಚಂದ್ರ ಸೂರ್ಯ, ಕೆಳಗೆ ಕತ್ತಿ ಹಿಡಿದ ಆಳು. ಚಿಕ್ಕಂದಿನಿಂದ ಅದರ ಮೇಲೆ ಬಟ್ಟೆ ಒಗೆಯುವುದನ್ನು ಕಂಡಿದ್ದ. ತಾನೂ ಅದರ ಮೇಲೆ ಕುಳಿತು ಕಾಲು ಇಳಿಬಿಟ್ಟಿದ್ದ. "ಅದು ವೀರಗಲ್ಲು ಅಲ್ವಾ ಸಾರ್? ಯಾರೋ ಸತ್ತ ಜಾಗ ಅಲ್ವಾ? ನಮಗೆ ಯಾರೂ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದ್ದ.

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ವೀರಗಲ್ಲಿನ ಮೇಲೆ ನಾನು ಅವನ ತರಗತಿಗೆ ಒಂದು ಗಂಟೆ ಪಾಠ ಹೇಳಿದ್ದೆ. ಪರೀಕ್ಷೆಗೆ ಐದು ಅಂಕದ ಪ್ರಶ್ನೆಯನ್ನೂ ಹಾಕಿದ್ದೆ. ಒಂದು ಕಲ್ಲಿನ ಮುಂದೆಯೂ ಅವರನ್ನು ನಿಲ್ಲಿಸಲಿಲ್ಲ. ತುಮಕೂರಿನಿಂದ ಏಳೆಂಟು ಕಿಲೋಮೀಟರಿನಾಚೆ ಕೈದಾಳವಿದೆ. 12ನೆಯ ಶತಮಾನದಲ್ಲಿ ಗೂಳಿಬಾಚಿ ಕಟ್ಟಿಸಿದ ಚೆನ್ನಕೇಶವನ ಗುಡಿಯಿದೆ. ಜಕಣಾಚಾರಿಗೆ ಕೈ ಮರಳಿ ಬಂದ ಊರೆಂಬ ಐತಿಹ್ಯವಿದೆ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಅದೇ ಶತಮಾನದ ಶಾಂತೀಶ್ವರ ಬಸದಿಯಿದೆ. ನನ್ನ ತರಗತಿಯ ಅರವತ್ತು ಮಂದಿಯನ್ನು ಒಮ್ಮೆ ಕೇಳಿದೆ: ಕೈದಾಳ ಕಂಡವರು ನಾಲ್ವರು, ನಿಟ್ಟೂರಿನ ಬಸದಿ ಕಂಡವನು ಒಬ್ಬ, ಅವನೂ ನಿಟ್ಟೂರಿನವನೇ. ಭಾನುವಾರಗಳನ್ನೆಲ್ಲ ಟ್ಯೂಷನ್ನಿಗೆ ಬರೆದುಕೊಟ್ಟು, ಸುತ್ತಾಟವೆಂದರೆ ಓದಿನ ಶತ್ರುವೆಂದು ಕಲಿಸಿ ಬೆಳೆಸಿದ್ದೇವೆ. ನೋಡುವುದನ್ನು ಕಲಿಯಲು ನಮ್ಮ ಹುಡುಗ ಹಿಂದೂ ಮಹಾಸಾಗರವನ್ನು ದಾಟಬೇಕಾಯಿತು. ದಾಟಿ ಕಲಿತದ್ದಕ್ಕೆ ನಾವು ಅವನನ್ನು ಬೈದೆವು.

ಪತ್ರವನ್ನು ಪ್ರಿಂಟು ತೆಗೆಸಿಕೊಂಡು ಗುಬ್ಬಿಯ ಬಸ್ಸು ಹತ್ತಿದೆ. ತಂದೆ ತೋಟದಲ್ಲಿದ್ದರು. ಕಾಲುವೆಯ ಬದುವಿನ ಮೇಲೆ ಕುಳಿತು ನಾಲ್ಕು ಪುಟವನ್ನೂ ಓದಿ ಹೇಳಿದೆ. ಅವರು ನಡುವೆ ಮಾತಾಡಲಿಲ್ಲ. ಮುಗಿದ ಮೇಲೆ ಬಹಳ ಹೊತ್ತು ಬಿಟ್ಟು, "ಆ ಸತ್ತೋರಿಗೆ ಈಗ್ಲಾದ್ರೂ ಯಾರಾದ್ರೂ ಎಡೆ ಇಡ್ತಾರಂತಾ?" ಎಂದು ಕೇಳಿದರು. ನನಗೆ ತಿಳಿಯದೆಂದೆ. "ಹಂಗಾರೆ ಅವನ್ನೇ ಕೇಳ್ಬೇಕು" ಎಂದು ಅಂಗಿಯ ಜೇಬಿನಿಂದ ಫೋನು ತೆಗೆದರು. ನಾನು ಎದ್ದು ಅಡಿಕೆಯ ಸಾಲಿನ ಕಡೆಗೆ ನಡೆದೆ.

ನನ್ನ ಬೇಡಿಕೆ ದೊಡ್ಡದಲ್ಲ. ಪರದೇಶದಲ್ಲಿ ಮಕ್ಕಳಿರುವ ತಂದೆತಾಯಿಗಳು ತಿಂಗಳಿಗೆ ಒಂದು ರಜೆಯ ದಿನವನ್ನು ತಾವೇ ಅವರಿಗೆ ಕೊಡಲಿ. ಅದರ ಬಾಬ್ತು ಒಂದು ಪುಟದ ಕಾಗದವನ್ನು ಕನ್ನಡದಲ್ಲಿ ಕೇಳಿ ತರಿಸಿಕೊಳ್ಳಲಿ. ಎಷ್ಟು ಖರ್ಚಾಯಿತು, ಏನು ಕಂಡೆ, ಎರಡೂ ಅದರಲ್ಲಿರಲಿ. ಚಿತ್ರ ಮಾತ್ರ ಕಳಿಸುವ ಮಗನಿಗೆ, ಕಾಗದ ಎಲ್ಲಿ ಎಂದು ಕೇಳಲಿ. ನಮ್ಮ ಕಾಲೇಜುಗಳು ಪ್ರವಾಸದ ಹೆಸರಿನಲ್ಲಿ ವರ್ಷಕ್ಕೊಮ್ಮೆ ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹುಡುಗರನ್ನು ಕರೆದೊಯ್ಯುವಾಗ, ಅಲ್ಲಿ ಕಂಬ ಕಂಬವಾಗಿ ನಿಂತ ಕಪ್ಪು ಕಲ್ಲುಗಳು ಲಾವಾರಸ ತಣಿದು ಸೀಳಿ ಆದವೆಂದು ದೋಣಿಯಲ್ಲೇ ಹೇಳುವ ಒಬ್ಬ ಅಧ್ಯಾಪಕನನ್ನಾದರೂ ಜೊತೆಗೆ ಕಳಿಸಲಿ. ನಾನಂತೂ ಮುಂದಿನ ಭಾನುವಾರ ನನ್ನ ತರಗತಿಯನ್ನು ಕೈದಾಳಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಅದರ ಮುಂದಿನ ಭಾನುವಾರ ಆ ಕೆರೆಯ ಏರಿಗೆ. ಕಲ್ಲನ್ನು ಎತ್ತಿ ನಿಲ್ಲಿಸಲು ನಾಲ್ಕು ಆಳು ಬೇಕೆಂದು ಹುಡುಗನ ತಂದೆ ಹೇಳಿ ಕಳಿಸಿದ್ದಾರೆ; ಹಗ್ಗ, ಹಾರೆ ಅವರೇ ತರುತ್ತಾರಂತೆ.